ಬೋಟ್ ಎಂಜಿನ್ನಿನ ಹೆಡ್ ಬೋಲ್ಟ್ ಬಿಗಿಯುವ ಬಗ್ಗೆ ಅನುಭವಸ್ಥರು ತಿಳಿಸಬೇಕು

ಗಂಗೊಳ್ಳಿಯಿಂದ, ಪ್ರಶ್ನೆ: ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿಯಲ್ಲಿ ನಮ್ಮ ಟ್ರಾಲ್ ಬೋಟಿನ ಆರು ಸಿಲಿಂಡರಿನ ಡೀಸೆಲ್ ಎಂಜಿನ್ ಬಿಚ್ಚಿದ್ದೇವೆ. ಸಿಲಿಂಡರುಗಳ ಮೇಲಿನ ಮುಚ್ಚಳವನ್ನು, ಅಂದರೆ ಹೆಡ್ಡನ್ನು, ಎಂಜಿನ್ನಿನ ಬ್ಲಾಕಿಗೆ ಹಿಡಿದಿಡುವ ಹೆಡ್ ಬೋಲ್ಟುಗಳನ್ನು ಎರಡು ಹಂತಗಳಲ್ಲಿ ಬಿಗಿದು, ಕೊನೆಗೆ 90 ಡಿಗ್ರಿ ತಿರುಗಿಸಬೇಕೆಂದು ಪುಸ್ತಕದಲ್ಲಿದೆ. ಎಣ್ಣೆ ಹಚ್ಚಬೇಕೇ? ಹಳೆಯ ಬೋಲ್ಟುಗಳನ್ನೇ ಹಾಕಬಹುದೇ?

ಮಲ್ಪೆಯ ಬೋಟ್ ಮಾಲೀಕ: ನಾನು ಎರವಲು ತಂದ ಟಾರ್ಕ್ ರೆಂಚಿನಲ್ಲಿ (ನಾವಿಟ್ಟ ಅಂಕಿಯಷ್ಟು ಬಿಗಿಯಾದಾಗ ಟಕ್ ಎನ್ನುವ ರೆಂಚು) ಪೌಂಡ್-ಅಡಿಯ ಗುರುತುಗಳಿದ್ದವು, ಪುಸ್ತಕದಲ್ಲಿ 140 ನ್ಯೂಟನ್ ಮೀಟರ್ ಎಂದಿತ್ತು. ಗಮನಿಸದೆ 140ಕ್ಕೇ ಇಟ್ಟೆ, ಅಂದರೆ ಸುಮಾರು 190 ನ್ಯೂಟನ್ ಮೀಟರ್ ಕೊಟ್ಟಂತಾಯಿತು. ಹತ್ತನೆಯ ಬೋಲ್ಟಿನಲ್ಲಿ ರೆಂಚ್ ಟಕ್ ಎನ್ನಲೇ ಇಲ್ಲ, ಕೈಗೆ ಮೆತ್ತಗಾಗಿ ತಿರುಗುತ್ತಲೇ ಹೋಯಿತು. ಬಿಚ್ಚಿ ನೋಡಿದರೆ ಥ್ರೆಡ್ಡಿನ ಮೇಲ್ಭಾಗ ಜಗ್ಗಿ ಸಣ್ಣದಾಗಿತ್ತು. ಅದೊಂದನ್ನೇ ಬದಲಿಸಿ ಕಡಲಿಗೆ ಹೋದೆ, ಆಗಸ್ಟಿನ ಆರನೆಯ ದಿನ ಬಲೆ ನೀರಿನಲ್ಲಿರುವಾಗಲೇ ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ ಹೋಯಿತು. ಗ್ಯಾಸ್ಕೆಟ್ ಸೆಟ್ 7,200, ಹೆಡ್ಡಿನ ಅಡಿ ಸಮತಟ್ಟು ಮಾಡುವ ಸ್ಕಿಮ್ಮಿಂಗ್ 5,500, ಹೊಸ ಬೋಲ್ಟುಗಳು 9,600, ಎಳೆದು ತಂದ ಬೋಟಿನ ಡೀಸೆಲ್ 14,000, ಕರಗಿದ ಐಸು 6,000, ಒಟ್ಟು 42,300 ರೂಪಾಯಿ. ಒಂಬತ್ತು ದಿನದ ಮೀನಿನ ಲೆಕ್ಕ ಇದರಲ್ಲಿಲ್ಲ.

ಮಂಗಳೂರಿನ ಮೆಕ್ಯಾನಿಕ್: ಮೂವತ್ತೆರಡು ವರ್ಷಗಳಿಂದ ಬಂದರಿನಲ್ಲಿ ಕೆಲಸ ಮಾಡುತ್ತಿದ್ದೇನೆ, ನನ್ನ ಕೈಗೆ ಬಿಗಿ ತಿಳಿಯುತ್ತದೆ. ನನ್ನ ಕೈಯಲ್ಲಿ ಕೆಟ್ಟದ್ದು ಒಂದೇ ಎಂಜಿನ್, ಅದೂ ಎಣ್ಣೆಯಿಂದ. ತಳ ಮುಚ್ಚಿದ ರಂಧ್ರದಲ್ಲಿ ಎಣ್ಣೆ ನಿಂತಿದ್ದನ್ನು ನನ್ನ ಹುಡುಗ ನೋಡಿರಲಿಲ್ಲ. ಬೋಲ್ಟ್ ಇಳಿದಂತೆ ಎಣ್ಣೆಗೆ ಹೋಗಲು ದಾರಿಯಿಲ್ಲದೆ ಬ್ಲಾಕ್ ಕೂದಲೆಳೆಯಷ್ಟು ಸೀಳಿತು. ಅಂದಿನಿಂದ ಪ್ರತಿ ರಂಧ್ರಕ್ಕೂ ಬಟ್ಟೆ ಹಾಕಿ ಒರೆಸಿ, ಗಾಳಿ ಹೊಡೆಸಿದ ಮೇಲೆಯೇ ಬೋಲ್ಟ್ ಮುಟ್ಟುತ್ತೇನೆ. ಮಲ್ಪೆಯವರು ಗುರುತು ಓದಲು ಬಾರದೆ ಮಾಡಿಕೊಂಡ ನಷ್ಟಕ್ಕೆ ಕೈಕೆಲಸವನ್ನು ದೂರುವುದು ಬೇಡ.

ಕಾರವಾರದ ನಿವೃತ್ತ ಮೆರೈನ್ ಎಂಜಿನಿಯರ್: ಕೈಗೆ ತಿಳಿಯುವುದು ತಿರುಗಿಸುವ ಬಲ ಮಾತ್ರ, ಬೋಲ್ಟ್ ಎಷ್ಟು ಜಗ್ಗಿದೆ ಎಂಬುದಲ್ಲ. ನಾವು ಹಾಕುವ ಬಲದಲ್ಲಿ ಹೆಚ್ಚುಕಡಿಮೆ ಅರ್ಧ ಬೋಲ್ಟಿನ ತಲೆಯಡಿಯ ಘರ್ಷಣೆಗೆ, ಶೇಕಡಾ 40ರಷ್ಟು ಥ್ರೆಡ್ಡಿನ ಘರ್ಷಣೆಗೆ ಹೋಗಿ, ಸುಮಾರು ಶೇಕಡಾ 10 ಮಾತ್ರ ಹೆಡ್ಡನ್ನು ಹಿಡಿದಿಡಲು ಉಳಿಯುತ್ತದೆ. ಉಪ್ಪಿನ ತುಕ್ಕು ಹತ್ತಿದ ಥ್ರೆಡ್ಡಿನಲ್ಲಿ ರೆಂಚ್ ಟಕ್ ಎಂದರೂ ಹಿಡಿತ ಕಡಿಮೆಯೇ. ಒಣ ಬೋಲ್ಟಿಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಬಳಸಿದರೆ ಹಿಡಿತ ಮಿತಿಮೀರುತ್ತದೆ. ಕೊನೆಗೆ ಡಿಗ್ರಿಯ ಲೆಕ್ಕದಲ್ಲಿ ತಿರುಗಿಸುವುದು ಈ ಘರ್ಷಣೆಯ ಕಾಟ ತಪ್ಪಿಸಲೆಂದೇ. ಪಿಸ್ಟನ್ನಿನ ಕನೆಕ್ಟಿಂಗ್ ರಾಡನ್ನು ಕ್ರ್ಯಾಂಕಿಗೆ ಹಿಡಿದಿಡುವ ಬಿಗ್ ಎಂಡ್ ಬೋಲ್ಟನ್ನು ಕೈ ಅಂದಾಜಿನಲ್ಲಿ ಬಿಗಿದ ಎಂಜಿನ್ನಿನಲ್ಲಿ ಆ ರಾಡ್ ಬ್ಲಾಕನ್ನೇ ಒಡೆದು ಹೊರಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ರಂಧ್ರದೊಳಗೆ ನನ್ನ ಮುಷ್ಟಿ ಹೋಗುತ್ತಿತ್ತು.

ಮಂಗಳೂರಿನ ಮೆಕ್ಯಾನಿಕ್: ಹಡಗಿನ ಎಂಜಿನ್ ರೂಮಿನಲ್ಲಿ ಎಲ್ಲ ಸಲಕರಣೆಯೂ ಇರುತ್ತದೆ, ಸ್ವಾಮಿ. ಇಲ್ಲಿ ಬೋಟ್ ಮಾಲೀಕರು ಅದೇ ಟಾರ್ಕ್ ರೆಂಚಿನಿಂದ ತುಕ್ಕು ಹಿಡಿದ ಬೋಲ್ಟನ್ನೂ ಬಿಚ್ಚುತ್ತಾರೆ, ಕೆಲಸ ಮುಗಿದ ಮೇಲೆ ಅದರೊಳಗಿನ ಸ್ಪ್ರಿಂಗ್ ಸಡಿಲಿಸದೆ ಪೆಟ್ಟಿಗೆಯಲ್ಲಿಡುತ್ತಾರೆ. ಆ ರೆಂಚ್ ಹೇಳುವ ಸುಳ್ಳಿಗಿಂತ ನನ್ನ ಕೈಯೇ ಮೇಲು.

ಮಲ್ಪೆಯ ಬೋಟ್ ಮಾಲೀಕ: ನಾನು ಕೈಕೆಲಸವನ್ನು ಎಲ್ಲಿ ದೂರಿದ್ದೇನೆ? ನನ್ನ ತಪ್ಪನ್ನು ಮುಚ್ಚಿಡದೆ ಬರೆದಿದ್ದೇನೆ. ಆದರೆ ಆ ಎಂಜಿನ್ನಿಗೆ ಹಿಂದಿನ ವರ್ಷ ಹಳೆಯ ಬೋಲ್ಟುಗಳನ್ನೇ ಹಾಕಿ, ಹೊಸತರ ಹಣ ಪಡೆದವರೂ ಒಬ್ಬ ಕೈಚಳಕದ ಮೆಕ್ಯಾನಿಕ್ಕೇ ಆಗಿದ್ದರು.

ಮಂಗಳೂರಿನ ಮೆಕ್ಯಾನಿಕ್: ಒಬ್ಬರು ಮಾಡಿದ ಮೋಸವನ್ನು ಇಡೀ ಬಂದರಿನ ಮೇಲೆ ಹೊರಿಸಬೇಡಿ. ಹೊಸ ಬೋಲ್ಟಿನ ಖಾಲಿ ಪೊಟ್ಟಣವನ್ನು ನಾನು ಮಾಲೀಕರ ಕೈಗೇ ಕೊಡುತ್ತೇನೆ.

ಗಂಗೊಳ್ಳಿಯಿಂದ: ಒಂದು ಹೊಸ ಬೋಲ್ಟ್ ತರಿಸಿ, ಹಳೆಯವನ್ನೆಲ್ಲ ಗಾಜಿನ ಮೇಲೆ ಅದರ ಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ ನೋಡಿದೆ. ನಾಲ್ಕರ ತಲೆ ಉಗುರಿನ ದಪ್ಪದಷ್ಟು ಮೇಲೆ ನಿಂತಿತು, ಅಂದರೆ ಅವು ಜಗ್ಗಿ ಉದ್ದವಾಗಿವೆ. ಎಲ್ಲವನ್ನೂ ಬದಲಿಸುತ್ತಿದ್ದೇನೆ. ಪುಸ್ತಕದ ಅಂಕಿ ಎಣ್ಣೆ ಹಚ್ಚಿದ ಬೋಲ್ಟಿಗೇ ಎಂದು ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುವುದು ಈಗ ಕಣ್ಣಿಗೆ ಬಿತ್ತು. ರಂಧ್ರಗಳನ್ನು ನಾಳೆ ಬೆಳಿಗ್ಗೆ ಒರೆಸುತ್ತೇವೆ.