ಕೊಂಡ ನಂಬರು, ಕೊಟ್ಟ ನಂಬರು: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

(ಭಾವ ಹಂಚಿಕೊಂಡ ಕಡತ: ಮೊಬೈಲ್ ಮಾರ್ಕೆಟಿಂಗ್ ಪ್ಯಾಕೇಜ್, ಪಿಡಿಎಫ್)

ಭಾವ, ಹುಬ್ಬಳ್ಳಿ: ಎಲ್ಲರೂ ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಪಿನ್‌ಕೋಡ್ ಪ್ರಕಾರ ವಿಂಗಡಿಸಿದ ಒಂದು ಲಕ್ಷ ಮೊಬೈಲ್ ನಂಬರುಗಳು ಈ ಪ್ಯಾಕೇಜ್ ಮಾರುವವರ ಬಳಿ ಇವೆ. ಅವಕ್ಕೆಲ್ಲ ವಾಟ್ಸಾಪ್ ಸಂದೇಶ, ಎಸ್‌ಎಂಎಸ್‌ನ ಮುಂದುವರಿದ ರೂಪವಾದ, ಚಿತ್ರವಿರುವ ಆರ್‌ಸಿಎಸ್ ಸಂದೇಶ ಮತ್ತು ಕಂಪ್ಯೂಟರ್ ಧ್ವನಿಯ ಕನ್ನಡ ಕರೆ, ಈ ಮೂರನ್ನೂ ಅವರೇ ಕಳುಹಿಸಿಕೊಡುತ್ತಾರೆ. ಆಯಿಯ ಅಪ್ಪೆಮಿಡಿ ಉಪ್ಪಿನಕಾಯಿ ಇಷ್ಟು ವರ್ಷ ಬಾಯಿಮಾತಿನಲ್ಲೇ ಮಾರಾಟವಾಗಿದೆ. ಈ ಬಾರಿ ಮಿಡಿ ಹೆಚ್ಚಾಗಿ ಉಪ್ಪಿಗೆ ಬಿದ್ದಿರುವುದರಿಂದ ಹಳೆಯ ಗಿರಾಕಿಗಳನ್ನೇ ನಂಬಿ ಕುಳಿತರೆ ಸಾಲದು. ಮನೆಯ ಖಾತೆಯಿಂದ ಹಣ ಹಾಕಲು ಎಲ್ಲರ ಒಪ್ಪಿಗೆ ಬೇಕು.

ನಾನು: ಭಾವ, ಮಾರಾಟ ಹೆಚ್ಚಬೇಕೆಂಬ ನಿಮ್ಮ ಕಾಳಜಿ ನನಗೂ ಇದೆ. ಆದರೆ ಈ ಪ್ಯಾಕೇಜಿಗೆ ನನ್ನ ಒಪ್ಪಿಗೆ ಇಲ್ಲ. ಆ ಒಂದು ಲಕ್ಷ ಜನರಲ್ಲಿ ಒಬ್ಬರಾದರೂ ತಮಗೆ ಉಪ್ಪಿನಕಾಯಿಯ ಸಂದೇಶ ಬರಲಿ ಎಂದು ಕೇಳಿದ್ದಾರೆ ಎನ್ನುವುದಕ್ಕೆ ಈ ಕಡತದಲ್ಲಿ ಎಲ್ಲಿಯೂ ಆಧಾರವಿಲ್ಲ. ಎಸ್‌ಎಂಎಸ್ ಪ್ರಚಾರಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿ ಇದೆ. ಕಳುಹಿಸುವ ಸಂಸ್ಥೆಯನ್ನೂ ಸಂದೇಶದ ಮಾದರಿಯನ್ನೂ ಮೊದಲೇ ನೋಂದಾಯಿಸಬೇಕು. ನೋಂದಣಿಯಿಲ್ಲದೆ ಸಾಮಾನ್ಯ ಹತ್ತು ಅಂಕಿಯ ನಂಬರಿನಿಂದ ಪ್ರಚಾರದ ಕರೆ ಮಾಡುವವರ ಸಂಪರ್ಕಗಳನ್ನೆಲ್ಲ ಕಡಿದು, ಎರಡು ವರ್ಷದವರೆಗೆ ಕಪ್ಪುಪಟ್ಟಿಗೆ ಸೇರಿಸಬೇಕೆಂದು ಟ್ರಾಯ್ 2024ರ ಆಗಸ್ಟ್‌ನಲ್ಲಿ ಮೊಬೈಲ್ ಕಂಪನಿಗಳಿಗೆ ಆದೇಶಿಸಿದೆ. ವಾಟ್ಸಾಪಿನಲ್ಲಿಯೂ ಹೆಚ್ಚು ಜನ ಬ್ಲಾಕ್ ಮಾಡಿ ದೂರು ಕೊಟ್ಟರೆ ಖಾತೆ ಮುಚ್ಚಿಹೋಗಬಹುದು. ಅತ್ತೆಯ, ಎಂದರೆ ನಿಮ್ಮ ಆಯಿಯ, ಆರ್ಡರುಗಳೆಲ್ಲ ಬರುವುದು ಅದೊಂದೇ ನಂಬರಿಗೆ. ಅದು ಹೋದರೆ ಹೊಸ ಗಿರಾಕಿಗಳ ಮಾತಿರಲಿ, ಇರುವವರೂ ನಮ್ಮನ್ನು ಎಲ್ಲಿ ಹುಡುಕಬೇಕು?

ಭಾವ, ಹುಬ್ಬಳ್ಳಿ: ಕಾನೂನಿನ ಜವಾಬ್ದಾರಿ ತಮ್ಮದೆಂದು ಅವರು ಹೇಳಿದ್ದಾರೆ. ದೊಡ್ಡ ಕಂಪನಿಗಳೂ ಇದನ್ನೇ ಮಾಡುತ್ತಿವೆಯಲ್ಲ? 2021ರ ದೀಪಾವಳಿಗೆ ಕ್ಯಾಡ್‌ಬರಿಯವರು ಶಾರುಖ್ ಖಾನ್ ಅವರ ಧ್ವನಿಯನ್ನು ಕೃತಕ ಬುದ್ಧಿಮತ್ತೆಯಿಂದ ರೂಪಿಸಿ, ಊರೂರಿನ ಅಂಗಡಿಗಳ ಹೆಸರನ್ನು ಅವರ ಬಾಯಲ್ಲಿ ಹೇಳಿಸಿದರು. ನೋಡುವವರ ಪಿನ್‌ಕೋಡಿಗೆ ತಕ್ಕಂತೆ ಅಂಗಡಿಯ ಹೆಸರು ಬದಲಾಗುತ್ತಿತ್ತು. ಅಂಥ ತಂತ್ರಜ್ಞಾನ ಸಣ್ಣ ವ್ಯಾಪಾರಿಗಳ ಕೈಗೂ ಬಂದಿರುವಾಗ ನಾವು ಹಿಂದೆ ಉಳಿಯುವುದು ಸರಿಯಲ್ಲ.

ಅಕ್ಕ, ಬೆಂಗಳೂರು: ಭಾವ, ಆ ಜಾಹೀರಾತು ಜನ ತಾವಾಗಿ ವಿಡಿಯೊ ನೋಡುತ್ತಿದ್ದ ಕಡೆ ಬಂತೇ ಹೊರತು ಯಾರದೋ ಕೈಯಿಂದ ಕೊಂಡ ಫೋನ್ ನಂಬರಿಗೆ ಹೋಗಲಿಲ್ಲ. ಇನ್ನು ಆರ್‌ಸಿಎಸ್ ವಿಷಯ. ನಮ್ಮ ದೇಶದಲ್ಲಿ ಅದರ ಮೂಲಕ ಬೇಡದ ಜಾಹೀರಾತುಗಳು ವಿಪರೀತವಾಗಿ, ಜನ ದೂರಿದ ಮೇಲೆ 2022ರಲ್ಲಿ ಗೂಗಲ್ ಇಲ್ಲಿ ಆ ಪ್ರಚಾರ ಸಂದೇಶಗಳನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಈಗ 2024ರಿಂದ ಐಫೋನ್ ಕೂಡ ಆರ್‌ಸಿಎಸ್ ಒಪ್ಪಿಕೊಂಡಿರುವುದರಿಂದ ಅದು ದೊಡ್ಡ ಅವಕಾಶವೆಂಬುದು ನಿಜ. ಅದನ್ನು ಮತ್ತೆ ಹಾಗೆಯೇ ಕೆಡಿಸುವವರ ಸಾಲಿಗೆ ನಾವು ಸೇರಬಾರದು.

ದೊಡ್ಡಪ್ಪ: ಕಂಪ್ಯೂಟರ್ ಧ್ವನಿಯ ಕರೆ ನನಗೆ ದಿನವೂ ಬರುತ್ತದೆ. ನಾನು ಪೂರ್ತಿ ಕೇಳಿದ್ದಿಲ್ಲ.

ಭಾವ, ಹುಬ್ಬಳ್ಳಿ: ಮಾವ, ನಿಮ್ಮೊಬ್ಬರ ಅನುಭವದಿಂದ ಒಂದು ಲಕ್ಷ ಜನರನ್ನು ಅಳೆಯಲಾಗದು. ಬೇಡವೆನ್ನುವುದು ಸುಲಭ. ಹೊಸ ಗಿರಾಕಿ ಬೇರೆ ಯಾವ ದಾರಿಯಿಂದ ಬರುತ್ತಾನೆ ಎನ್ನುವುದನ್ನು ಯಾರಾದರೂ ಹೇಳಬೇಕಲ್ಲ?

ನಾನು: ಹೇಳುತ್ತೇನೆ, ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಈ ದೇಶದಲ್ಲಿ ಮೊಬೈಲ್ ಪ್ರಚಾರದ ದೊಡ್ಡ ಗೆಲುವುಗಳಲ್ಲಿ ಒಂದು ಸ್ಮಾರ್ಟ್‌ಫೋನ್ ಇಲ್ಲದೆಯೇ ನಡೆದದ್ದು. ಕರೆಂಟು ಆಗಾಗ ಹೋಗುವ, ಟಿವಿ ಸರಿಯಾಗಿ ತಲುಪದ ಬಿಹಾರದ ಹಳ್ಳಿಗಳಲ್ಲಿ ಹಿಂದೂಸ್ತಾನ್ ಯೂನಿಲಿವರ್ ‘ಕಾನ್ ಖಜೂರಾ ಟೇಶನ್’ ಎಂಬ ಸೇವೆ ನಡೆಸಿತು. ಕೇಳುವವರು ಒಂದು ನಂಬರಿಗೆ ಮಿಸ್ಡ್ ಕಾಲ್ ಕೊಡಬೇಕು. ಕಂಪನಿಯೇ ತಿರುಗಿ ಕರೆ ಮಾಡಿ ಹಾಡು, ಹಾಸ್ಯಗಳನ್ನು ಕೇಳಿಸುತ್ತಿತ್ತು, ನಡುವೆ ತನ್ನ ಸೋಪು, ಶಾಂಪೂಗಳ ಜಾಹೀರಾತು ಹಾಕುತ್ತಿತ್ತು. ಅದು 2014ರಲ್ಲಿ ಫ್ರಾನ್ಸಿನ ಕಾನ್ ನಗರದ ಜಾಹೀರಾತು ಉತ್ಸವದಲ್ಲಿ ಚಿನ್ನದ ಪ್ರಶಸ್ತಿಗಳನ್ನೂ ಪಡೆಯಿತು. ಜಾಹೀರಾತು ಕೇಳಲು ಜನರೇ ಕರೆ ಮಾಡಿದರೆಂದರೆ, ಮೊದಲ ಹೆಜ್ಜೆ ಅವರದಾಗಿತ್ತು ಮತ್ತು ಪ್ರತಿಯಾಗಿ ಅವರಿಗೆ ಬೇಕಾದದ್ದು ಸಿಗುತ್ತಿತ್ತು. ಮಿಸ್ಡ್ ಕಾಲ್ ಜಾಗದಲ್ಲಿ ಈಗ ಕ್ಯೂಆರ್ ಕೋಡ್ ಬಂದಿದೆ. 2016ರಲ್ಲಿ ಯುಪಿಐ ಶುರುವಾದ ಮೇಲೆ ತರಕಾರಿ ಗಾಡಿಯ ಮುಂದೆ ನಿಂತವರಿಗೂ ಫೋನ್ ತೆಗೆದು ಸ್ಕ್ಯಾನ್ ಮಾಡುವುದು ಯಾರೂ ಕಲಿಸಬೇಕಾಗದ ಅಭ್ಯಾಸವಾಗಿದೆ. ನಮ್ಮ ಬಾಟಲಿ ಒಂದು ಮನೆಯ ಊಟದ ಮೇಜಿನ ಮೇಲೆ ತಿಂಗಳುಗಟ್ಟಲೆ ಇರುತ್ತದೆ, ಬಂದ ನೆಂಟರೂ ಅದನ್ನು ನೋಡುತ್ತಾರೆ. ಅದರ ಮೇಲೊಂದು ಕೋಡ್ ಇದ್ದು, ಸ್ಕ್ಯಾನ್ ಮಾಡಿದೊಡನೆ ಅತ್ತೆಯ ವಾಟ್ಸಾಪ್ ಬಿಸಿನೆಸ್ ಖಾತೆಯಲ್ಲಿ ‘ಮುಂದಿನ ಉಪ್ಪಿನಕಾಯಿ ಸಿದ್ಧವಾದಾಗ ತಿಳಿಸಿ’ ಎಂಬ ಸಂದೇಶ ಸಿದ್ಧವಾಗಿ ತೆರೆದುಕೊಂಡರೆ, ಕಳುಹಿಸುವ ಗುಂಡಿ ಒತ್ತುವವರು ಅವರೇ. ಹೊಸ ಗಿರಾಕಿ ಆ ನೆಂಟನೇ, ಭಾವ.

ಅತ್ತೆ: ನಾನು ಓದುತ್ತಿದ್ದೇನೆ. ಒಂದು ಮಾತು. ಲೇಬಲ್ ಮೇಲೆ ಎಣ್ಣೆ ಇಳಿಯುತ್ತದೆ. ಬಾಟಲಿಯನ್ನು ಎರಡು ಸಲ ಬಗ್ಗಿಸಿದರೆ ಬರೆದ ಅಕ್ಷರವೇ ಕಾಣುವುದಿಲ್ಲ, ಇನ್ನು ಆ ಚೌಕ ಹೇಗೆ ಉಳಿಯುತ್ತದೆ?

ಅಕ್ಕ, ಬೆಂಗಳೂರು: ಅತ್ತೆ, ಅದನ್ನು ಮುಚ್ಚಳದ ಮೇಲೆ ಹಾಕೋಣ. ಕ್ಯೂಆರ್ ಕೋಡಿನಲ್ಲಿ ತಪ್ಪು ಸರಿಪಡಿಸುವ ನಾಲ್ಕು ಮಟ್ಟಗಳಿವೆ. ಎಲ್ಲಕ್ಕಿಂತ ಮೇಲಿನದನ್ನು ಆರಿಸಿಕೊಂಡರೆ ಸುಮಾರು ಶೇಕಡಾ 30ರಷ್ಟು ಹಾಳಾದರೂ ಫೋನು ಓದಿಕೊಳ್ಳುತ್ತದೆ. ಎಣ್ಣೆಗೆ ಕಲೆಯಾಗದ ಹೊದಿಕೆಯಿರುವ ಸ್ಟಿಕರ್ ಮುದ್ರಣದವರಲ್ಲಿ ಸಿಗುತ್ತದೆ.

ಭಾವ, ಹುಬ್ಬಳ್ಳಿ: ಒಳ್ಳೆಯದು. ಆದರೆ ಕೊರಿಯರಿಗೆಂದು ನಂಬರು ಕೊಟ್ಟ ಹಳೆಯ ಗಿರಾಕಿಗಳಿಗಾದರೂ ಈಗಲೇ ಸಂದೇಶ ಕಳುಹಿಸಬಹುದಲ್ಲ? ಅವು ಕೊಂಡ ನಂಬರುಗಳಲ್ಲ.

ನಾನು: ಅವರು ಅದನ್ನು ಪಾರ್ಸೆಲ್ ತಲುಪಲೆಂದು ಕೊಟ್ಟರು. ಯಾವ ಉದ್ದೇಶಕ್ಕೆ ಮಾಹಿತಿ ಪಡೆಯಲಾಯಿತೋ ಅದಕ್ಕೇ ಬಳಸಬೇಕು, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು ಎಂಬುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು. ಮುಂದಿನ ಪಾರ್ಸೆಲ್ ಹೊರಟಾಗ ಕನ್ನಡದಲ್ಲೇ ಒಂದು ಸಾಲು ಕೇಳೋಣ, ‘ಹೌದು’ ಎಂದವರನ್ನು ಮಾತ್ರ ಪಟ್ಟಿಗೆ ಸೇರಿಸೋಣ. ಹೇಗಿದ್ದರೂ ಬಿಸಿನೆಸ್ ಆ್ಯಪಿನಲ್ಲಿ ಹಲವರಿಗೆ ಒಮ್ಮೆಲೇ ಕಳುಹಿಸುವ ಸಾಮಾನ್ಯ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ತಲುಪುವುದು ಅತ್ತೆಯ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ.

ಅತ್ತೆ: ಕೆಲವರು ಧ್ವನಿ ಸಂದೇಶದಲ್ಲೇ ಆರ್ಡರ್ ಹೇಳುತ್ತಾರೆ, ವಯಸ್ಸಾದವರಿಗೆ ಟೈಪ್ ಮಾಡಲು ಆಗುವುದಿಲ್ಲ. ಅವರಿಗೆ ನಾನೇ ಧ್ವನಿಯಲ್ಲಿ ಉತ್ತರಿಸುತ್ತೇನೆ. ಆ ಕೆಲಸಕ್ಕೆ ಯಂತ್ರ ಬೇಡ.

ಭಾವ, ಹುಬ್ಬಳ್ಳಿ: ಆಯಿ ಬೇಡವೆಂದ ಮೇಲೆ ಕರೆಗಳನ್ನೂ ಕೊಂಡ ನಂಬರುಗಳನ್ನೂ ಕೈಬಿಡುತ್ತೇನೆ. ಆದರೂ ಬಾಟಲಿ ಹೋಗದ ಮನೆಗಳನ್ನು ಮುಚ್ಚಳದ ಕೋಡ್ ಮುಟ್ಟಲಾರದು ಎಂಬ ನನ್ನ ಮಾತು ಹಾಗೆಯೇ ನಿಂತಿದೆ. ಒತ್ತಿದರೆ ನೇರವಾಗಿ ವಾಟ್ಸಾಪ್ ತೆರೆಯುವ ಜಾಹೀರಾತನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಬೆಂಗಳೂರಿನ ಎರಡು ಬಡಾವಣೆಗಳಿಗೆ ಮಾತ್ರ ಹಾಕಿ ನೋಡೋಣ. ಅಲ್ಲಿಯೂ ಮೊದಲು ಮಾತಾಡುವವನು ಗಿರಾಕಿಯೇ.

ನಾನು: ಅದಕ್ಕೆ ನನ್ನ ಪೂರ್ಣ ಒಪ್ಪಿಗೆ ಇದೆ. ಆದರೆ ಬಂದ ಪ್ರಶ್ನೆಗಳಿಗೆ ಅದೇ ದಿನ ಉತ್ತರಿಸುವವರು ಯಾರು ಎಂಬುದು ಮೊದಲು ನಿಶ್ಚಯವಾಗಲಿ. ಅತ್ತೆಯೊಬ್ಬರ ಮೇಲೆ ಅಷ್ಟೂ ಭಾರ ಹಾಕುವಂತಿಲ್ಲ.

ಭಾವ, ಹುಬ್ಬಳ್ಳಿ: ಸಂಜೆ ಏಳರಿಂದ ಒಂಬತ್ತರವರೆಗೆ ನಾನು ನೋಡಿಕೊಳ್ಳುತ್ತೇನೆ. ಹಗಲಿಗೆ ಯಾರು?

ಅಕ್ಕ, ಬೆಂಗಳೂರು: ಊಟದ ಹೊತ್ತಿನಲ್ಲಿ ನಾನು. ಸ್ಟಿಕರಿನ ಅಳತೆ ಬೇಕು ಅತ್ತೆ, ಅರ್ಧ ಕಿಲೋ ಬಾಟಲಿಯ ಮುಚ್ಚಳದ ಅಗಲ ಅಳೆದು ಕಳುಹಿಸಿ.