ಬೆಂಚಿನ ಮೇಲಿನ ಟವೆಲ್ಲು, ಬಿಡಬೇಕೆಂದ ರೊಟ್ಟಿ: ಜಿಮ್ಮಿನ ಯಾವ ಮಾತನ್ನು ಕೇಳಬೇಕು?

ಪ್ರಶ್ನೆ (ಬಳ್ಳಾರಿಯಿಂದ)

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ, ತೂಕ 78 ಕಿಲೊ. ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ, ಅಂದರೆ ದಿನಕ್ಕೆ ಹತ್ತು ಗಂಟೆ ಕುರ್ಚಿ ಬಿಟ್ಟು ಏಳುವುದಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಅಂಕಿ, 6.1 ಬಂದಿತು. ಇದಿನ್ನೂ ಸಕ್ಕರೆ ಕಾಯಿಲೆಯಲ್ಲ, ಆದರೆ ಅದರ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದ ಡಾಕ್ಟರು, ಮಾತ್ರೆ ಬರೆಯದೆ, ಮೊದಲು ಮೈ ಬಗ್ಗಿಸಿ ಎಂದು ಕಳಿಸಿದರು. ಹಾಗಾಗಿ ಮನೆಗೆ ಹತ್ತಿರದ ಒಂದು ಜಿಮ್ಮಿಗೆ ಸೇರಿ ಎರಡು ತಿಂಗಳಾಯಿತು.

ಗೋಡೆಯ ಮೇಲೆ ದೊಡ್ಡದೊಂದು ನಿಯಮಗಳ ಫಲಕವಿದೆ. ಒಳಗೆ ಹಾಕಲು ಬೇರೆ ಶೂ ತರಬೇಕು, ಬೆವರು ಒರೆಸಲು ಟವೆಲ್ಲು ಕಡ್ಡಾಯ, ಎತ್ತಿದ ತೂಕವನ್ನು ಇದ್ದ ಜಾಗದಲ್ಲೇ ಇಡಬೇಕು, ಕಟ್ಟಿದ ಹಣ ವಾಪಸ್ಸಿಲ್ಲ ಎಂದೆಲ್ಲ ಬರೆದಿದ್ದಾರೆ. ಇವುಗಳಲ್ಲಿ ಕಟ್ಟುನಿಟ್ಟಾಗಿ ಜಾರಿಯಲ್ಲಿರುವುದು ಕೊನೆಯದೊಂದೇ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವಂತೆ, ಹುಡುಗರು ಬೆಂಚಿನ ಮೇಲೆ ಟವೆಲ್ಲು ಹಾಸಿ ಹತ್ತು ನಿಮಿಷ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಾರೆ. ನಾನು ಕೂರಲು ಹೋದರೆ "ಅಂಕಲ್, ನಂದು ಸೆಟ್ ಇದೆ" ಎನ್ನುತ್ತಾರೆ, ಅಂದರೆ ಅವರು ಎತ್ತುವ ಸರದಿ ಇನ್ನೂ ಮುಗಿದಿಲ್ಲವಂತೆ.

ಇದಕ್ಕಿಂತ ದೊಡ್ಡ ತಕರಾರು ಊಟದ್ದು. ಟ್ರೇನರ್ ಕೊಟ್ಟ ಡಯಟ್ ಚಾರ್ಟಿನಲ್ಲಿ ಬೆಳಿಗ್ಗೆ ಓಟ್ಸ್, ರಾತ್ರಿ ಬೇಯಿಸಿದ ಬ್ರೊಕೊಲಿ, ನಡುವೆ ಎರಡು ಬಾರಿ ಅವರೇ ಮಾರುವ ಪ್ರೋಟೀನ್ ಪೌಡರ್ ಇವೆ. ಜೋಳದ ರೊಟ್ಟಿಗೆ ಕೆಂಪು ಗೆರೆ ಎಳೆದಿದ್ದಾರೆ. ಆ ಚಾರ್ಟನ್ನು ಓದಿ ಹೇಳಿದಾಗ ನಮ್ಮ ಅವ್ವ ಮಾತಾಡದೆ ಒಲೆಯ ಮೇಲಿನ ಹಂಚನ್ನು ಇಳಿಸಿ ಎದ್ದು ಹೋದಳು. ನಾವು ಮೊಟ್ಟೆ, ಮಾಂಸ ತಿನ್ನುವವರಲ್ಲ. ಇವುಗಳಲ್ಲಿ ಯಾವ ಮಾತನ್ನು ಕೇಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1 (ರಾಯಚೂರಿನಿಂದ)

ಫಲಕದ ವಿಷಯ ಮಾತ್ರ ಹೇಳುತ್ತೇನೆ, ಊಟದ ವಿಷಯ ತಿಳಿದವರು ಹೇಳಲಿ. ನಾನು ಹದಿನಾರನೆಯ ವಯಸ್ಸಿನಿಂದ ಗರಡಿ ಮನೆಯಲ್ಲಿ ಸಾಮು ಮಾಡಿದವನು, ಈಗ ಜಿಮ್ಮಿಗೆ ಹೋಗುತ್ತೇನೆ. ಗರಡಿಯಲ್ಲಿ ಫಲಕವೇ ಇರಲಿಲ್ಲ. ಚಪ್ಪಲಿ ಹೊರಗೆ ಬಿಡುವುದು, ಹನುಮಪ್ಪನಿಗೆ ಕೈಮುಗಿಯುವುದು, ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣನ್ನು ನಾವೇ ಸಲಿಕೆ ಹಿಡಿದು ಅಗೆಯುವುದು, ಕುಸ್ತಿ ಮುಗಿದ ಮೇಲೆ ಮತ್ತೆ ಸಮ ಮಾಡಿ ಹೋಗುವುದು, ಇಷ್ಟನ್ನು ಯಾರೂ ಬರೆದು ಕೊಟ್ಟಿರಲಿಲ್ಲ. ತಪ್ಪಿದರೆ ವಸ್ತಾದರು ಬೈಯುತ್ತಿರಲಿಲ್ಲ, ನೂರು ಬಸ್ಕಿ ಎನ್ನುತ್ತಿದ್ದರು, ಅಷ್ಟೇ. ಹಾಗೆಂದು ಗರಡಿಯನ್ನು ಹೊಗಳಿ ಜಿಮ್ಮನ್ನು ತೆಗಳುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ನನ್ನ ಮೊಣಕಾಲು ಇಂದು ನೋಯುವುದಕ್ಕೆ ಆ ಲೆಕ್ಕವಿಲ್ಲದ ಬಸ್ಕಿಗಳೂ ಕಾರಣವಿರಬಹುದೆಂದು ನನಗೆ ಅನುಮಾನವಿದೆ.

ತೂಕವನ್ನು ಜಾಗದಲ್ಲಿ ಇಡಬೇಕೆಂಬ ನಿಯಮವನ್ನು ಶಿಸ್ತಿನ ಮಾತೆಂದಷ್ಟೇ ತಿಳಿಯಬೇಡಿ. ಬೆಂಚ್ ಪ್ರೆಸ್ಸಿನ, ಅಂದರೆ ಮಲಗಿ ಎತ್ತುವ ರಾಡಿಗೆ ಎರಡೂ ಕಡೆ ಇಪ್ಪತ್ತು ಕಿಲೊದ ಪ್ಲೇಟುಗಳನ್ನು ಹಾಗೆಯೇ ಬಿಟ್ಟು ಹೋದರೆ, ನಂತರ ಬಂದ ಹೊಸಬ ಒಂದೇ ಕಡೆಯವನ್ನೆಲ್ಲ ಮೊದಲು ಕಳಚುತ್ತಾನೆ, ಭಾರವಿರುವ ಕಡೆಗೆ ರಾಡು ಮಗುಚಿ ಪಕ್ಕದವನ ಪಾದದ ಮೇಲೆ ಬೀಳುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ಲೇಟುಗಳನ್ನು ಎರಡೂ ಕಡೆಯಿಂದ ಒಂದೊಂದಾಗಿ ತೆಗೆಯಬೇಕು. ಬೇರೆ ಶೂ ತರುವ ನಿಯಮವೂ ನಮ್ಮ ಕಡೆಯ ಧೂಳಿಗೆ ತಕ್ಕದ್ದೇ ಆಗಿದೆ, ಏಕೆಂದರೆ ಟ್ರೆಡ್‌ಮಿಲ್ಲಿನ ಬೆಲ್ಟಿನ ಕೆಳಗೆ ಧೂಳು ಸೇರಿದರೆ ಅದು ಉಜ್ಜಿ ಸವೆಯುತ್ತದೆ, ಮೋಟಾರು ಬಿಸಿಯಾಗುತ್ತದೆ.

ಟವೆಲ್ಲು ಹಾಸಿದ ಹುಡುಗನನ್ನು ಗದರಬೇಡಿ. "ಇನ್ನೆಷ್ಟು ಸೆಟ್ ಇದೆಯಪ್ಪ, ನಡುವೆ ನಾನೊಂದು ಮಾಡಲೇ?" ಎಂದು ಕೇಳಿ. ಅವನು ಸುಧಾರಿಸಿಕೊಳ್ಳುವ ಎರಡು ನಿಮಿಷದಲ್ಲಿ ನಿಮ್ಮದು ಮುಗಿಯುತ್ತದೆ. ಹಣ ವಾಪಸ್ಸಿಲ್ಲ ಎಂಬ ಸಾಲಿನ ಬಗ್ಗೆ ನನ್ನ ಅಭಿಪ್ರಾಯ ಇಷ್ಟೇ: ವರ್ಷದ ಹಣವನ್ನು ಒಮ್ಮೆಗೇ ಕಟ್ಟಬಾರದು.

ಉತ್ತರ 2 (ಕೊಪ್ಪಳದಿಂದ)

ಅಣ್ಣಾವ್ರೇ, ನಿಮಗೆ ಬೆಂಚಿನ ಚಿಂತೆ, ನಮಗೆ ಗಂಟೆಯ ಚಿಂತೆ. ನಾನು ಹೋಗುವ ಕಡೆ ಹೆಂಗಸರ ಬ್ಯಾಚು ಬೆಳಿಗ್ಗೆ ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ ಮಾತ್ರ. ತಗಡಿನ ಚಾವಣಿಯ ಕೆಳಗೆ, ಏಪ್ರಿಲ್ ತಿಂಗಳಿನಲ್ಲಿ, ಆ ಹೊತ್ತಿಗೆ ಯಾರು ಬರಬಲ್ಲರು? ನೌಕರಿ ಮಾಡುವವರಂತೂ ಬರಲಾರರು. ತಂಪು ಹೊತ್ತೆಲ್ಲ ಗಂಡಸರಿಗೆ ಏಕೆ ಎಂದು ಕೇಳಿದರೆ ನಿಯಮ ಹಾಗಿದೆ ಎನ್ನುತ್ತಾರೆ. ನಾವು ಒಂಬತ್ತು ಜನ ಸೇರಿ ಅರ್ಜಿ ಬರೆದು ಕೊಟ್ಟ ಮೇಲೆ ವಾರದಲ್ಲಿ ಮೂರು ದಿನ ಬೆಳಗಿನ ಆರು ಗಂಟೆಯ ಬ್ಯಾಚು ಸಿಕ್ಕಿತು.

ನಮ್ಮಲ್ಲಿ ಬರುವವರಲ್ಲಿ ಅರ್ಧದಷ್ಟು ಮಂದಿ ಮದುವೆ ನಿಶ್ಚಯವಾದ ಹುಡುಗಿಯರು. ಅಕ್ಷತೆ ಬಿದ್ದ ಮರುದಿನದಿಂದ ಅವರು ಕಾಣುವುದಿಲ್ಲ. ಜನರ ಮಾತೂ ವಿಚಿತ್ರವಾಗಿರುತ್ತದೆ. ದಪ್ಪಗಿದ್ದಾಗ ಮೈ ಇಳಿಸು ಎಂದವರೇ, ಆರು ಕಿಲೊ ಇಳಿದಾಗ ನನ್ನನ್ನು ಪಕ್ಕಕ್ಕೆ ಕರೆದು "ಸಕ್ಕರೆ ಕಾಯಿಲೆ ಬಂದದೇನು?" ಎಂದು ಮೆಲ್ಲಗೆ ಕೇಳಿದರು. ಇನ್ನು ರೊಟ್ಟಿ ಬಿಡುವುದೆಂದರೆ, ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಊರೂರಿನಿಂದ ಬಂಡಿಗಳಲ್ಲಿ ಜೋಳದ ರೊಟ್ಟಿ ಬರುವ ಜಿಲ್ಲೆಯವಳಾದ ನನ್ನನ್ನು ದಯವಿಟ್ಟು ಕೇಳಬೇಡಿ.

ಉತ್ತರ 3 (ಸಿಂಧನೂರಿನಿಂದ)

ಒಂದೇ ಎಚ್ಚರಿಕೆ. ಬೇಗ ತೂಕ ಇಳಿಯಲೆಂದು ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡುವುದನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಇಳಿಯುವುದು ನೀರು, ಕೊಬ್ಬಲ್ಲ. ಎರಡು ತಂಬಿಗೆ ನೀರು ಕುಡಿದರೆ ತೂಕ ಮರಳಿ ಬರುತ್ತದೆ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ, ನಮ್ಮ ಬೇಸಿಗೆಯಲ್ಲಿ ಅದು ಪ್ರಾಣಕ್ಕೇ ಬರಬಹುದು.

ಉತ್ತರ 4 (ಬಳ್ಳಾರಿಯಿಂದ)

ನಾನು ಆಹಾರ ವಿಜ್ಞಾನ ಓದಿದವಳು, ಆದ್ದರಿಂದ ಕೆಂಪು ಗೆರೆಯ ವಿಷಯಕ್ಕೆ ಬರುತ್ತೇನೆ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ಪ್ರೋಟೀನ್, ಹೆಚ್ಚುಕಡಿಮೆ ಅಷ್ಟೇ ನಾರು ಇರುತ್ತವೆ. ಹಾಗಾಗಿ ಓಟ್ಸಿಗಾಗಿ ರೊಟ್ಟಿಯನ್ನು ಬಿಡಬೇಕಾದ ಕಾರಣ ನನಗೆ ಕಾಣುವುದಿಲ್ಲ. ಆದರೆ ಅದೇ ಹಿಟ್ಟಿನ ಮೂರರಲ್ಲಿ ಎರಡು ಪಾಲು ಪಿಷ್ಟವೇ ಎಂಬುದನ್ನು ನಿಮ್ಮ ತಾಯಿಯವರಿಗೂ ತಿಳಿಸಬೇಕು. ನಮ್ಮ ಕಡೆ ಸಮಸ್ಯೆಯಾಗುವುದು ರೊಟ್ಟಿಯಿಂದಲ್ಲ, ನಾಲ್ಕು ರೊಟ್ಟಿ ಉಂಡ ಮೇಲೂ ತಟ್ಟೆಗೆ ಬೀಳುವ ಅನ್ನದಿಂದ, ಸಂಜೆಯ ಒಗ್ಗರಣೆ ಮಂಡಕ್ಕಿಯ ಜೊತೆಗೆ ಬರುವ ಮಿರ್ಚಿಯಿಂದ. ಮಂಡಕ್ಕಿ ಹಗುರ, ಆದರೆ ಮಿರ್ಚಿ ಹಾಗಲ್ಲ.

ಪೌಡರಿನ ಲೆಕ್ಕವನ್ನೂ ನೋಡೋಣ. ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಆರೋಗ್ಯವಂತ ವಯಸ್ಕರಿಗೆ ಹೇಳುವುದು ತೂಕದ ಕಿಲೊ ಒಂದಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್, ಅಂದರೆ ನಿಮಗೆ ಸುಮಾರು 65 ಗ್ರಾಂ. ತಲಾ ಅರವತ್ತು ಗ್ರಾಂ ಹಿಟ್ಟಿನ ಮೂರು ರೊಟ್ಟಿಗಳಿಂದ 18 ಗ್ರಾಂ, ಒಂದು ಹಿಡಿ ಹೆಸರುಕಾಳಿನ ಪಲ್ಯದಿಂದ 11, ತೊಗರಿಬೇಳೆಯಿಂದ 8, ಶೇಂಗಾ ಹಿಂಡಿಯಿಂದ 7, ದೊಡ್ಡ ಬಟ್ಟಲು ಮೊಸರು ಮತ್ತು ಒಂದು ಲೋಟ ಹಾಲಿನಿಂದ 14 ಸಿಕ್ಕರೆ 58 ಆಯಿತು, ಉಳಿದದ್ದನ್ನು ಒಂದು ಹಿಡಿ ಹುರಿಗಡಲೆ ತುಂಬುತ್ತದೆ. ಜೋಳದಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶವು ಬೇಳೆಕಾಳಿನಲ್ಲಿ ಧಾರಾಳವಾಗಿರುವುದರಿಂದ, ರೊಟ್ಟಿಗೆ ಕಾಳುಪಲ್ಯ ಹಚ್ಚಿಕೊಳ್ಳುವುದು ರುಚಿಗೆ ಮಾತ್ರ ಬಂದ ರೂಢಿಯಲ್ಲ. ಭಾರ ಎತ್ತುವವರಿಗೆ ಇದಕ್ಕಿಂತ ಹೆಚ್ಚು ಬೇಕೆಂಬುದು ನಿಜ, ಪೌಡರು ವಿಷವೂ ಅಲ್ಲ. ಆದರೂ ಅದೇ ಸಂಸ್ಥೆಯ 2024ರ ಮಾರ್ಗಸೂಚಿಯು ಮೈಕಟ್ಟಿಗಾಗಿ ಪ್ರೋಟೀನ್ ಪೌಡರ್ ಬೇಡವೆಂದೇ ಹೇಳುತ್ತದೆ. ಕೊಳ್ಳಲೇಬೇಕೆನಿಸಿದರೆ ಮೊದಲು ಡಾಕ್ಟರನ್ನು ಕೇಳಿ, ಡಬ್ಬಿಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಗಳ ಪರವಾನಗಿ ಸಂಖ್ಯೆ ಇದೆಯೇ ಎಂದು ನೋಡಿ. ಬಿಡಿಯಾಗಿ ಪೊಟ್ಟಣ ಕಟ್ಟಿ ಕೊಟ್ಟರೆ ಮುಟ್ಟಬೇಡಿ.

ಸಕ್ಕರೆಯ ಹೊಸ್ತಿಲಲ್ಲಿರುವವರಿಗೆ ಭಾರ ಎತ್ತುವುದು ಬಹಳ ಒಳ್ಳೆಯದು, ಏಕೆಂದರೆ ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ವಾರಕ್ಕೆ 150 ನಿಮಿಷದ ಬಿರುಸು ನಡಿಗೆಯನ್ನೂ ಬಿಡಬೇಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ರಾಯಚೂರಿನವರು ಹೇಳಿದಂತೆ ಆ ಹುಡುಗನನ್ನು ಕೇಳಿದೆ. ಇಯರ್‌ಫೋನ್ ತೆಗೆಯದೆಯೇ ಟವೆಲ್ಲು ಎತ್ತಿಕೊಂಡ. ಅನ್ನವನ್ನು ರಾತ್ರಿ ಪೂರ್ತಿ ಬಿಟ್ಟಿದ್ದೇನೆ. ಮೂರು ರೊಟ್ಟಿ ಎಂದು ಆಹಾರ ವಿಜ್ಞಾನ ಓದಿದವರ ಮಾತಿನ ಆಧಾರದ ಮೇಲೆ ಮನೆಯಲ್ಲಿ ಘೋಷಿಸಿದ್ದರಿಂದ ಅವ್ವ ಹಂಚು ಇಟ್ಟು ಖುಷಿಯಾಗಿಯೇ ಬಡಿಯತೊಡಗಿದಳು. ಆದರೆ ಲೆಕ್ಕ ಬರೆಯುವವನ ಚಾಳಿ ನೋಡಿ, ಘಟಕದಿಂದ ಗುಂಡಿ ತೂಗುವ ಸಣ್ಣ ತಕ್ಕಡಿಯನ್ನು ತಂದು, ಅವಳು ಒಂದು ರೊಟ್ಟಿಗೆ ತೆಗೆದಿಟ್ಟ ಹಿಟ್ಟನ್ನು ನಿನ್ನೆ ತೂಗಿದೆ. 88 ಗ್ರಾಂ ಬಂದಿತು, ಅರವತ್ತಲ್ಲ. ಅಂದರೆ ನನ್ನ ಪಾಲು ಎರಡೇ. ಇದನ್ನು ಅವ್ವನಿಗೆ ಇನ್ನೂ ಹೇಳಿಲ್ಲ.