ಪದಚರ್ಚೆ: ‘ಉಚಿತ’, ‘ಮುಕ್ತ’, ‘ಹಕ್ಕುಸ್ವಾಮ್ಯ ಮುಕ್ತ’ ಮೂರೂ ಒಂದೆಯೇ?

ಪ್ರಶ್ನೆ

ನಮಸ್ಕಾರ. ಪದವಿ ವಿದ್ಯಾರ್ಥಿಗಳಿಗೆಂದು ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಬಗ್ಗೆ ಬರೆದ ಆನ್‌ಲೈನ್ ಕೈಪಿಡಿಯೊಂದಿದೆ. ಅದನ್ನು ನಮ್ಮ ಕಾಲೇಜಿನ ಜಾಲತಾಣದಲ್ಲಿ ಹಾಕಬಹುದೇ ಎಂದು ಪರಿಶೀಲಿಸುತ್ತಿದ್ದೇವೆ. ‘ಉಚಿತ ಸಂಪನ್ಮೂಲ’, ‘ಮುಕ್ತ ಸಂಪನ್ಮೂಲ’, ‘ಹಕ್ಕುಸ್ವಾಮ್ಯ ಮುಕ್ತ ಪಠ್ಯ’ ಎಂದು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆದಿದ್ದಾರೆ. ಲೈಸೆನ್ಸುಗಳ ವಿವರಣೆಯಲ್ಲಿ ‘ಗುಣಲಕ್ಷಣ’, ‘ವ್ಯುತ್ಪನ್ನಗಳಿಲ್ಲ’, ‘ಸಾರ್ವಜನಿಕ ವಲಯ’ ಎಂಬ ಮಾತುಗಳಿವೆ. ಇವು ಒಪ್ಪತಕ್ಕವೇ? ಪದ ತಿದ್ದಿದರೆ ಸಾಕೇ, ಕೈಪಿಡಿಯನ್ನೇ ಬಿಡಬೇಕೇ?

ಉತ್ತರ 1

ಮೇಡಂ, ಮೂರೂ ಬೇರೆ ಬೇರೆ. ಈ ಮೂರನ್ನು ಕಲಸಿದ ಕೈಪಿಡಿ ವಿದ್ಯಾರ್ಥಿಯನ್ನು ತಪ್ಪು ದಾರಿಗೆ ಹಚ್ಚುತ್ತದೆ.

‘ಉಚಿತ’ಕ್ಕೆ ಮೊದಲಿದ್ದ ಅರ್ಥ ತಕ್ಕದ್ದು, ಯೋಗ್ಯವಾದದ್ದು, ‘ಸಮಯೋಚಿತ’ದಲ್ಲಿ ಇನ್ನೂ ಅದೇ ಉಳಿದಿದೆ. ಇಂದಿನ ಬಳಕೆಯಲ್ಲಿ ಮಾತ್ರ ದುಡ್ಡು ಕೊಡಬೇಕಿಲ್ಲ ಎಂದಷ್ಟೇ. ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳ ಪಿಡಿಎಫ್ ತೆಗೆದು ನೋಡಿ. ಇಳಿಸಿಕೊಳ್ಳಲು ಒಂದು ಪೈಸೆಯೂ ಬೇಡ, ಆದರೆ ಪುಟದ ಮೇಲೆ ಓರೆಯಾಗಿ ‘ನಾಟ್ ಟು ಬಿ ರಿಪಬ್ಲಿಷ್ಡ್’ ಎಂಬ ಮಸುಕು ಅಚ್ಚು ಇರುತ್ತದೆ. ಓದಲು ಉಚಿತ, ಮರುಪ್ರಕಟಿಸಲು ಅನುಮತಿ ಬೇಕು. ತಮಾಷೆಯೆಂದರೆ, 2013ರಲ್ಲಿ ಅದೇ ಸಂಸ್ಥೆಯ ಆಶ್ರಯದಲ್ಲೇ ಶುರುವಾದ ರಾಷ್ಟ್ರೀಯ ಮುಕ್ತ ಸಂಪನ್ಮೂಲ ಭಂಡಾರ ಸಿಸಿ ಬೈ-ಎಸ್‌ಎ ಲೈಸೆನ್ಸನ್ನು (ಕರ್ತೃವಿನ ಹೆಸರು ನಮೂದಿಸಿ, ಅದೇ ಷರತ್ತಿನಲ್ಲಿ ಹಂಚಿ ಎನ್ನುವ ಕ್ರಿಯೇಟಿವ್ ಕಾಮನ್ಸ್ ಅನುಮತಿ) ಆರಿಸಿಕೊಂಡಿತು. ಕೈಪಿಡಿ ಇವೆರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರೆ ಬರೆದವರು ಲೈಸೆನ್ಸ್ ನೋಡಿಲ್ಲ ಎಂದೇ ಲೆಕ್ಕ.

‘ಮುಕ್ತ’ ಎಲ್ಲಿ ಕೂತಿದೆ ಎಂಬುದನ್ನು ಗಮನಿಸಬೇಕು. ಮುಂದೆ ಬಂದರೆ ‘ಮುಕ್ತ ಮನಸ್ಸು’, ‘ಮುಕ್ತ ಮಾರುಕಟ್ಟೆ’, ಅಂದರೆ ತೆರೆದದ್ದು. ಕೊನೆಯಲ್ಲಿ ಬಂದರೆ ‘ಋಣಮುಕ್ತ’, ‘ಪೋಲಿಯೊ ಮುಕ್ತ’, ಅಂದರೆ ಅದು ಇಲ್ಲವಾದದ್ದು. ಹಾಗಾಗಿ ‘ಹಕ್ಕುಸ್ವಾಮ್ಯ ಮುಕ್ತ’ ಎಂದರೆ ಹಕ್ಕುಸ್ವಾಮ್ಯವೇ ಇಲ್ಲ ಎಂದಾಗುತ್ತದೆ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸುಗಳು ಹಾಗಲ್ಲ. ಹಕ್ಕು ಬರೆದವರ ಬಳಿಯೇ ಇರುತ್ತದೆ. ಅದರ ಬಲದಿಂದಲೇ ಅವರು ಷರತ್ತು ಹಾಕಿ ಅನುಮತಿ ಕೊಡುತ್ತಾರೆ. ಷರತ್ತು ಮುರಿದರೆ ಅನುಮತಿಯೂ ಹೋಯಿತು. (‘ಮುಕ್ತ ವಿಶ್ವವಿದ್ಯಾನಿಲಯ’ದ ‘ಮುಕ್ತ’ ಪ್ರವೇಶಕ್ಕೆ ಸಂಬಂಧಪಟ್ಟದ್ದು. ಅಲ್ಲಿನ ಪಾಠಪುಸ್ತಕಗಳ ಲೈಸೆನ್ಸಿಗೂ ಅದಕ್ಕೂ ನಂಟಿಲ್ಲ.)

‘ಹಕ್ಕುಸ್ವಾಮ್ಯ ಮುಕ್ತ’ ಎಂಬುದು ನಿಜವಾಗಿ ಹೊಂದುವುದು ಅವಧಿ ಮುಗಿದ ಕೃತಿಗಳಿಗೆ. ಕೈಪಿಡಿ ಅವನ್ನು (ಇಂಗ್ಲಿಷಿನ ‘ಪಬ್ಲಿಕ್ ಡೊಮೇನ್’) ‘ಸಾರ್ವಜನಿಕ ವಲಯ’ ಎಂದಿದೆಯಲ್ಲ, ಅದನ್ನು ಓದಿದವರಿಗೆ ಸರ್ಕಾರಿ ಕಂಪನಿಗಳಾದ ಬಿಎಚ್‌ಇಎಲ್, ಎಚ್‌ಎಎಲ್ ನೆನಪಾದರೆ ಅವರ ತಪ್ಪಲ್ಲ. ನಮ್ಮ ಕಾಯಿದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷ ಎಣಿಸಬೇಕು. ಬಿ.ಎಂ.ಶ್ರೀ. ತೀರಿಕೊಂಡದ್ದು 1946ರಲ್ಲಿ, ಅವರು ಬದುಕಿದ್ದಾಗ ಪ್ರಕಟವಾದ ಕೃತಿಗಳು 2007ರ ಜನವರಿಯಿಂದ ಎಲ್ಲರವು. ಡಿ.ವಿ.ಜಿ. 1975ರಲ್ಲಿ ಹೋದರು, ಅವರ ಕೃತಿಗಳ ಹಕ್ಕು 2035ರ ಕೊನೆಯವರೆಗೂ ಇದೆ, ವಾಟ್ಸಾಪಿನಲ್ಲಿ ಎಷ್ಟೇ ಓಡಾಡಲಿ. ಹಳೆಯ ಕೃತಿಗೆ ಹೊಸದಾಗಿ ಸೇರಿಸಿದ ಮುನ್ನುಡಿ, ಟಿಪ್ಪಣಿಗಳ ಹಕ್ಕು ಪ್ರತ್ಯೇಕ.

‘ಗುಣಲಕ್ಷಣ’ ಎಂಬುದು ‘ಆಟ್ರಿಬ್ಯೂಷನ್’ ಪದದ ಯಂತ್ರಾನುವಾದದ ಕೂಸು. ಅಲ್ಲಿ ಬೇಕಾದದ್ದು ‘ಕರ್ತೃವಿನ ಹೆಸರು ನಮೂದಿಸಿ’. ಪತ್ರಿಕೆಗಳಲ್ಲಿ ‘ಚಿತ್ರಕೃಪೆ’ ಎಂಬ ಒಳ್ಳೆಯ ರೂಢಿಯೇ ಇದೆ. ಆದರೆ ‘ಕೃಪೆ: ಗೂಗಲ್’ ಎಂದು ಬರೆದರೆ ನಮೂದಿಸಿದಂತಾಗದು, ಗೂಗಲ್ ಹುಡುಕಿಕೊಟ್ಟಿತೇ ಹೊರತು ಚಿತ್ರ ತೆಗೆಯಲಿಲ್ಲ. ಕೃತಿಯ ಹೆಸರು, ಕರ್ತೃ, ಸಿಕ್ಕಿದ ಪುಟದ ಕೊಂಡಿ, ಲೈಸೆನ್ಸಿನ ಹೆಸರು ಮತ್ತು ಆವೃತ್ತಿ ಇಷ್ಟಿರಬೇಕು. ತಿದ್ದಿದ್ದರೆ ‘ಬಣ್ಣ ಬದಲಿಸಿದೆ’, ‘ಕನ್ನಡಕ್ಕೆ ತಂದಿದೆ’ ಎಂದೂ ಹೇಳಬೇಕು. ಕೈಪಿಡಿಯಲ್ಲಿ ಇದಕ್ಕೊಂದು ಪೂರ್ಣ ಮಾದರಿ ಇಲ್ಲದಿದ್ದರೆ ಮೊದಲು ಅದನ್ನು ಸೇರಿಸಿ.

‘ವ್ಯುತ್ಪನ್ನಗಳಿಲ್ಲ’ (ನೋ ಡೆರಿವೇಟಿವ್ಸ್, ಚಿಕ್ಕದಾಗಿ ಎನ್‌ಡಿ) ಬದಲು ‘ಮಾರ್ಪಾಡು ಹಂಚುವಂತಿಲ್ಲ’ ಎಂದರೆ ತಿಳಿಯುತ್ತದೆ. ಕನ್ನಡದ ವಿದ್ಯಾರ್ಥಿಗೆ ಇದು ಮುಖ್ಯ, ಏಕೆಂದರೆ ಅನುವಾದವೂ ಮಾರ್ಪಾಡೇ. ಎನ್‌ಡಿ ಎಂದಿರುವ ಪಾಠವನ್ನು ಕನ್ನಡಕ್ಕೆ ತಂದು ಬ್ಲಾಗಿಗೆ ಹಾಕುವಂತಿಲ್ಲ. ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಬಗ್ಗೆ ಯುನೆಸ್ಕೊ 2019ರಲ್ಲಿ ಅಂಗೀಕರಿಸಿದ ಶಿಫಾರಸಿನ ವ್ಯಾಖ್ಯೆಯಲ್ಲಿ ಮಾರ್ಪಡಿಸಿ ಹಂಚುವ ಅವಕಾಶವೂ ಸೇರಿರುವುದರಿಂದ ಎನ್‌ಡಿ ಸಾಮಗ್ರಿ ‘ಮುಕ್ತ’ದ ಲೆಕ್ಕಕ್ಕೆ ಬರುವುದಿಲ್ಲ.

ಉತ್ತರ 2

ಮೇಲಿನದನ್ನು ಒಪ್ಪುತ್ತೇನೆ, ಒಂದು ತಕರಾರಿನೊಂದಿಗೆ. ಹಾಗೆ ನೋಡಿದರೆ ‘ಮುಕ್ತ’ ಎಂಬ ಪದವೂ ಸಾಲದು. ವಿದ್ಯಾರ್ಥಿಗೆ ಗುಣವಾಚಕಕ್ಕಿಂತ ಕ್ರಿಯಾಪದ ಬೇಕು: ಪ್ರತಿ ಇಟ್ಟುಕೊಳ್ಳಬಹುದೇ, ಬಳಸಬಹುದೇ, ತಿದ್ದಬಹುದೇ, ಬೇರೆಯದರೊಂದಿಗೆ ಬೆರೆಸಬಹುದೇ, ಹಂಚಬಹುದೇ? ಕೈಪಿಡಿ ಪ್ರತಿ ತಾಣದ ಮುಂದೆಯೂ ಇವಕ್ಕೆ ಉತ್ತರ ಕೊಡಬೇಕು.

ಹೆಚ್ಚು ಎಡವುವುದು ಬೆರೆಸುವಲ್ಲಿ. ಕನ್ನಡ ವಿಕಿಪೀಡಿಯದ ಪಠ್ಯ ಬೈ-ಎಸ್‌ಎ. ಅಮೆರಿಕದ ಎಂಐಟಿಯ ಪಾಠತಾಣ ಓಪನ್‌ಕೋರ್ಸ್‌ವೇರ್ ಬೈ-ಎನ್‌ಸಿ-ಎಸ್‌ಎ (ಎನ್‌ಸಿ ಎಂದರೆ ವಾಣಿಜ್ಯ ಬಳಕೆ ಸಲ್ಲದು). ಎರಡೂ ಮುಕ್ತವೇ, ಆದರೂ ಒಂದರ ವಿವರಣೆಗೆ ಇನ್ನೊಂದರ ವಿವರಣೆ ಹೆಣೆದು ಹೊಸ ಪಾಠ ಮಾಡಿ ಹಂಚುವಂತಿಲ್ಲ. ಎರಡರದೂ ‘ಅದೇ ಷರತ್ತಿನಲ್ಲಿ ಹಂಚಿ’ ಎಂಬ ಪಟ್ಟು. ಒಂದು ವಾಣಿಜ್ಯ ಬಳಕೆಗೆ ಬಿಡುತ್ತದೆ, ಇನ್ನೊಂದು ಬಿಡುವುದಿಲ್ಲ. ಎರಡನ್ನೂ ಒಟ್ಟಿಗೆ ಪಾಲಿಸಲಾಗದು. ಬೆರೆಸದೆ ಒಂದರ ಪಕ್ಕ ಒಂದನ್ನಿಟ್ಟು, ಪ್ರತಿಯೊಂದಕ್ಕೂ ಅದರದೇ ಲೈಸೆನ್ಸ್ ನಮೂದಿಸಿದರೆ ತೊಂದರೆಯಿಲ್ಲ.

ಕೈಪಿಡಿಯ ಕೊಂಡಿಗಳಲ್ಲಿ ಹತ್ತನ್ನಾದರೂ ತೆರೆದು ನೋಡಿ. ತಾಣದ ಅಡಿಬರಹದಲ್ಲಿರುವ ಲೈಸೆನ್ಸನ್ನೇ ನಂಬಬೇಡಿ. ಒಳಗಿನ ಚಿತ್ರದ ಕೆಳಗೆ ಬೇರೆ ಸಾಲು ಇರಬಹುದು. ಪಠ್ಯಪುಸ್ತಕಗಳ ತಾಣ ಓಪನ್‌ಸ್ಟ್ಯಾಕ್ಸ್‌ನಲ್ಲಿ ಹಲವು ಪುಸ್ತಕಗಳು ಸಿಸಿ ಬೈ (ಹೆಸರು ನಮೂದಿಸಿದರೆ ಸಾಕು), ಕ್ಯಾಲ್ಕುಲಸ್ ಸಂಪುಟಗಳು ಬೈ-ಎನ್‌ಸಿ-ಎಸ್‌ಎ. ಹೀಗೆ ಒಂದೇ ತಾಣದಲ್ಲೂ ವ್ಯತ್ಯಾಸ ಇರುತ್ತದೆ. ಯೂಟ್ಯೂಬಿನಲ್ಲಿ ವಿವರಣೆಯನ್ನು ಪೂರ್ತಿ ಬಿಡಿಸಿ ನೋಡಿ. ಕ್ರಿಯೇಟಿವ್ ಕಾಮನ್ಸ್ ಎಂಬ ಸಾಲು ಇಲ್ಲದಿದ್ದರೆ ಅದು ನೋಡಲಷ್ಟೇ.

ಕನ್ನಡಕ್ಕೇ ಅಂಟಿದ ಇನ್ನೊಂದು ಕಾಟ ಪಿಡಿಎಫ್. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಮಾಡಿದ್ದರೆ, ನಕಲಿಸಿ ಅಂಟಿಸಿದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಬರುತ್ತದೆ. ಲೈಸೆನ್ಸ್ ತಿದ್ದಲು ಬಿಟ್ಟರೂ ಕಡತ ಬಿಡುವುದಿಲ್ಲ. ಒಂದು ಪ್ಯಾರಾ ನಕಲಿಸಿ ನೋಟ್‌ಪ್ಯಾಡಿಗೆ ಹಾಕಿದರೆ ಕೂಡಲೇ ಗೊತ್ತಾಗುತ್ತದೆ. ಹಾಗಿದ್ದರೆ ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ನೋಡಬೇಕು. ಹೆಚ್ಚು ಕೆಡುವುದು ಅಲ್ಲೇ.

ಕೈಪಿಡಿಯನ್ನು ಬಿಡಬೇಕೇ ಎಂದಿರಿ. ತಿದ್ದುವ ಮೊದಲು ಅದರದೇ ಲೈಸೆನ್ಸ್ ಏನೆಂದು ನೋಡಿ. ಏನೂ ನಮೂದಿಸಿಲ್ಲವಾದರೆ ಎಲ್ಲ ಹಕ್ಕು ಬರೆದವರದೇ. ತಿದ್ದಿ ನಿಮ್ಮ ತಾಣದಲ್ಲಿ ಹಾಕಲು ಅವರ ಲಿಖಿತ ಒಪ್ಪಿಗೆ ಬೇಕು. ಅಲ್ಲಿಯವರೆಗೆ ಬರೀ ಕೊಂಡಿ ಕೊಟ್ಟು, ಪಕ್ಕದಲ್ಲಿ ನಿಮ್ಮ ಪದಪಟ್ಟಿಯನ್ನು ಹಾಕಿಕೊಳ್ಳಿ.